ಮೂರನೆಯ ಶಿಫಾರಸು

ಇಲಿಯ ಉಚ್ಚೆ ಮೊದಲು ಹೊಡೆಯೋದು ಕಣ್ಣಿಗೆ, ಮೂಗಿಗಲ್ಲ. ಹೊಸಬರು ಮೂಗು ಮುಚ್ಚಿಕೊಂಡು ಒಳಗೆ ಬರುತ್ತಾರೆ, ಕಣ್ಣು ಉಜ್ಜಿಕೊಂಡು ಆಚೆ ಹೋಗುತ್ತಾರೆ. ವರ್ಲೀನ್ ಟಾಲಿವರ್ ಈ ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು. ಅವಳು ಈಗ ಮೂಗೂ ಮುಚ್ಚಲ್ಲ, ಕಣ್ಣೂ ಉಜ್ಜಲ್ಲ.

ಜಾಗ ವಿಶ್ವವಿದ್ಯಾಲಯದ ವೈದ್ಯಕೀಯ ಕಟ್ಟಡದ ನೆಲಮಾಳಿಗೆ. ಮೇಲೆ ಐದು ಮಹಡಿ ಲ್ಯಾಬು. ಆ ಲ್ಯಾಬುಗಳಿಗೆಲ್ಲ ಬೇಕಾದ ಇಲಿಗಳು ಕೆಳಗೆ, ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಯ ತಳಕ್ಕೆ ಜೋಳದ ದಿಂಡಿನ ತರಿ ಹಾಸಿರುತ್ತಾರೆ. ಇಲಿ ಅದರ ಮೇಲೇ ತಿನ್ನುತ್ತೆ, ಅದರ ಮೇಲೇ ಹೇಲುತ್ತೆ, ಅದರೊಳಗೇ ಮರಿ ಹಾಕುತ್ತೆ. ವಾರಕ್ಕೊಂದು ಸಲ ಇಲಿಗಳನ್ನು ತೊಳೆದ ಪೆಟ್ಟಿಗೆಗೆ ದಾಟಿಸಿ, ಹೊಲಸು ಪೆಟ್ಟಿಗೆಗಳನ್ನು ಗಾಡಿಗೆ ಪೇರಿಸಿ, ತೊಳೆಯೋ ಕೋಣೆಗೆ ತಳ್ಳುತ್ತಾರೆ. ಅಲ್ಲಿ ವರ್ಲೀನ್ ಇರುತ್ತಾಳೆ. ಎತ್ತಬೇಕು, ಕವುಚಬೇಕು, ಅಂಚಿಗೆ ಬಡಿಯಬೇಕು, ಅಂಟಿದ್ದನ್ನು ಗೀರಬೇಕು, ಹಬೆಯಾಡೋ ಯಂತ್ರದ ಬಾಯಿಗೆ ಇಡಬೇಕು. ಒಂದು ಪಾಳಿಗೆ ಒಂಬೈನೂರು ಪೆಟ್ಟಿಗೆ. ಎರಡನೇ ವರ್ಷಕ್ಕೆ ಅವಳ ಬಲ ಹೆಬ್ಬೆರಳು ಮಡಚೋದು ನಿಂತಿತು. ಮೂರನೇ ವರ್ಷಕ್ಕೆ ದಮ್ಮು ಹಿಡಿಯಿತು. ಇಲಿಯ ಕೂದಲು, ಉಚ್ಚೆ ಒಣಗಿದ ಧೂಳು ಎದೆಗಿಳಿದು ಬರೋ ದಮ್ಮು. ಅಲ್ಲಿ ಕೆಲಸ ಮಾಡೋ ಅರ್ಧ ಜನಕ್ಕೆ ಅದಿದೆ.

ಬುಧವಾರ ಬರೋ ಗಾಡಿಗಳಿಗೆ ಆಡ್ಕಾಕ್ ಅನ್ನೋ ಹೆಸರಿನ ಫಲಕ ತಗುಲಿಸಿರುತ್ತಾರೆ. ಪ್ರೊಫೆಸರ್ ವಿನ್ಸ್ಲೋ ಆಡ್ಕಾಕ್. ನಾಲ್ಕನೇ ಮಹಡಿ ಪೂರ್ತಿ ಅವನ ಲ್ಯಾಬು. ಆ ಗಾಡಿಗಳಲ್ಲಿ ಇರೋದು ದಮ್ಮಿನ ಇಲಿಗಳ ಪೆಟ್ಟಿಗೆ. ಹುಟ್ಟುತ್ತಲೇ ಉಸಿರುನಾಳ ಬಿಗಿಯೋ ಇಲಿ. ಮನುಷ್ಯರ ದಮ್ಮಿಗೆ ಹೊಸ ಔಷಧಿ ಕಂಡುಹಿಡಿದವರು ಮೊದಲು ಅದರ ಮೇಲೆ ಹಾಕಿ ನೋಡುತ್ತಾರೆ. ಹತ್ತು ವರ್ಷದ ಕೆಳಗೆ ಅಂಥ ಇಲಿ ಪ್ರಪಂಚದಲ್ಲೇ ಇರಲಿಲ್ಲ. ಅದನ್ನು ಮಾಡಿದವಳು ವರ್ಲೀನ್ ಟಾಲಿವರ್. ಹೌದು, ಇವಳೇ. ಗಂಬೂಟು ಹಾಕಿಕೊಂಡು ಆ ಇಲಿಗಳ ಹೇಲು ಬಾಚುತ್ತಿರೋ ಇವಳೇ.

ಅವಳು ಮಿಸಿಸಿಪ್ಪಿಯ ತಗ್ಗು ಸೀಮೆಯ ಕರಿಯರ ಹೆಣ್ಣು. ಅವ್ವ ಮೀನಿನ ಕಾರ್ಖಾನೆಯಲ್ಲಿ ಚರ್ಮ ಸುಲಿಯೋ ಸಾಲಿನಲ್ಲಿ ಇಪ್ಪತ್ತೆರಡು ವರ್ಷ ನಿಂತವಳು. ಆ ಸಾಲಿನಲ್ಲಿ ಉಚ್ಚೆಗೆ ಹೋಗೋದಕ್ಕೂ ಮೇಸ್ತ್ರಿಯ ಅಪ್ಪಣೆ ಬೇಕಿತ್ತು. ಊರಿನ ಚರ್ಚಿನವರು ತಟ್ಟೆ ಹಿಡಿದು ಮಗಳ ಕಾಲೇಜಿಗೆ ಕೂಡಿಸಿಕೊಟ್ಟರು. ಮೂವತ್ತಕ್ಕೆ ಡಾಕ್ಟರೇಟ್ ಆಯಿತು. ಡಾಕ್ಟರೇಟ್ ಆದ ತಕ್ಷಣ ಯಾರೂ ಕುರ್ಚಿ ಹಾಕಿ ಪ್ರೊಫೆಸರ್ ಅಂತ ಕೂರಿಸಲ್ಲ. ನಡುವೆ ಯಾರಾದರೂ ದೊಡ್ಡವರ ಲ್ಯಾಬಿನಲ್ಲಿ ಫೆಲೋ ಅಂತ ಸೇರಿ ಜೀತ ಮಾಡಬೇಕು. ಎರಡು ವರ್ಷ ಅಂತಾರೆ, ನಾಲ್ಕಾಗುತ್ತೆ, ಐದಾಗುತ್ತೆ. ವರ್ಲೀನ್ ಸೇರಿದ್ದು ಆಡ್ಕಾಕ್ ಹತ್ತಿರ.

ಆಡ್ಕಾಕ್ ಬಲು ಸಲುಗೆಯ ಮನುಷ್ಯ. ಪ್ರೊಫೆಸರ್ ಅನ್ನಬೇಡಿ, ವಿನ್ ಅನ್ನಿ ಅಂತಾನೆ. ಸೈಕಲ್ಲಿನಲ್ಲಿ ಬರುತ್ತಾನೆ. ಮನೆಯಲ್ಲಿ ಬ್ರೆಡ್ಡು ಮಾಡಿ ತಂದು ಲ್ಯಾಬಿನವರಿಗೆಲ್ಲ ಕೊಯ್ದು ಹಂಚುತ್ತಾನೆ. ಅವನು ಬೈದದ್ದನ್ನು ಯಾರೂ ಕೇಳಿಲ್ಲ. ಬೈಯೋ ಧಣಿಗೆ ತಿರುಗಿಸಿ ಬೈಯಬಹುದು. ಬ್ರೆಡ್ಡು ಹಂಚೋ ಧಣಿಯನ್ನು ಏನಂತ ಬೈಯೋದು?

ನಾಲ್ಕು ವರ್ಷ ಅವಳು ಆ ಇಲಿಯ ಹಿಂದೆ ಬಿದ್ದಳು. ಆರು ಸಲ ಕೆಟ್ಟಿತು. ಏಳನೇ ಸಲ ಹುಟ್ಟಿದ ಮರಿ ಉಸಿರಿಗೆ ಸಿಳ್ಳೆ ಹಾಕಿತು. ಕ್ರಿಸ್ಮಸ್ ದಿನ ಲ್ಯಾಬಿನವರೆಲ್ಲ ಊರಿಗೆ ಹೋಗಿದ್ದಾಗ ಹಿಮದಲ್ಲಿ ನಡೆದು ಬಂದು ಇವಳೇ ನೀರು ಹಾಕಿದಳು. ಪ್ರಬಂಧ ಅಚ್ಚಿಗೆ ಹೋಗೋ ಹೊತ್ತಿಗೆ ಕೋಲ್ಬಿ ಅನ್ನೋ ಇನ್ನೊಬ್ಬ ಫೆಲೋ ಬಂದು ಎಂಟು ತಿಂಗಳಾಗಿತ್ತು. ಪ್ರಬಂಧದಲ್ಲಿ ಯಾರ ಹೆಸರು ಮೊದಲೋ ಕೆಲಸ ಅವರದು ಅಂತ ಲೆಕ್ಕ. ಮೊದಲ ಹೆಸರು ಅವನದಾಯಿತು. "ಕೋಲ್ಬಿ ಈ ವರ್ಷ ಕೆಲಸ ಹುಡುಕ್ತಿದಾನೆ ವರ್ಲೀನ್, ಮಗು ಬೇರೆ ಆಗಿದೆ. ಮುಂದಿನದು ನಿಂದೇ," ಅಂದ ಆಡ್ಕಾಕ್, ಬ್ರೆಡ್ಡಿನ ತುಂಡು ಮುಂದೆ ಚಾಚುತ್ತಾ. ಈಗ ಕೋಲ್ಬಿ ಪಶ್ಚಿಮದ ಕಡೆ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಅವನ ಲ್ಯಾಬಿನಲ್ಲಿ ಇರೋದೂ ಅದೇ ಇಲಿ.

ಯಾರನ್ನೂ ಐದು ವರ್ಷಕ್ಕಿಂತ ಹೆಚ್ಚು ಫೆಲೋ ಆಗಿ ಇಟ್ಟುಕೊಳ್ಳಬಾರದು ಅಂತ ವಿಶ್ವವಿದ್ಯಾಲಯದ ನಿಯಮ. ಜೀತ ತಪ್ಪಿಸೋಕೆ ಅಂತ ಮಾಡಿದ್ದು. ಆದದ್ದೇನು, ಆಚೆ ತಳ್ಳೋಕೆ ಒಳ್ಳೆ ನೆವ ಸಿಕ್ಕಿತು. ಐದು ತುಂಬಿದ ದಿನ ಆಡ್ಕಾಕ್ ಅವಳ ಹೆಗಲ ಮೇಲೆ ಕೈಯಿಟ್ಟು, ನಿಯಮ ನೋಡು, ನನ್ನ ಕೈಲೇನಿದೆ ಅಂದ.

ಅವಳು ಅರ್ಜಿ ಹಾಕಿದಳು. ನಲವತ್ತೊಂದು ಕಡೆ. ಎಲ್ಲಿ ಹಾಕಿದರೂ ಮೂರು ಶಿಫಾರಸು ಪತ್ರ ಕೇಳುತ್ತಾರೆ. ಮೂರನೆಯದು ಫೆಲೋ ಆಗಿದ್ದಾಗಿನ ಯಜಮಾನನದೇ ಆಗಬೇಕು. ಅದು ಗುಟ್ಟಿನ ಪತ್ರ. ಬರೆದವನು ನೇರ ಕಾಲೇಜಿಗೆ ಕಳಿಸುತ್ತಾನೆ, ಯಾರ ಬಗ್ಗೆ ಬರೆದದ್ದೋ ಅವರು ಮಾತ್ರ ನೋಡೋ ಹಾಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇದೇ. ಅವಳನ್ನು ಕರೀತಿದ್ದರು, ಮಾತಾಡಿಸುತ್ತಿದ್ದರು, ಮೆಚ್ಚುತ್ತಿದ್ದರು. ಆಮೇಲೆ ಪತ್ರ ತರಿಸುತ್ತಿದ್ದರು. ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಪ್ರತಿ ಸಲ ಆಡ್ಕಾಕ್, "ಚೆನ್ನಾಗೇ ಬರ್ದಿದೀನಲ್ಲ," ಅಂತಿದ್ದ. ಇನ್ಶೂರೆನ್ಸ್ ಮುಗಿದು ಬಾಡಿಗೆಗೂ ಕಷ್ಟ ಆದಾಗ ನೆಲಮಾಳಿಗೆಯ ಕೆಲಸ ಹಿಡಿದಳು. ಮೂರೇ ತಿಂಗಳು ಅಂದುಕೊಂಡಿದ್ದಳು. ಊರಿನ ಚರ್ಚಿನಲ್ಲಿ ಇವತ್ತಿಗೂ ಅವ್ವ ನಮ್ಮ ಡಾಕ್ಟರ್ ಅಂತಲೇ ಹೇಳಿಕೊಂಡು ತಿರುಗುತ್ತಾಳೆ.

ಈ ಸಲ ಬಂದದ್ದು ಸಣ್ಣ ಕೆಲಸ. ಎರಡು ಗಂಟೆ ದಾರಿಯ ಒಂದು ಊರಿನ ಎರಡು ವರ್ಷದ ಕಾಲೇಜು. ಮುಂದೆ ನರ್ಸ್ ಆಗೋ ಹುಡುಗಿಯರಿಗೆ ಜೀವಶಾಸ್ತ್ರ ಹೇಳಿಕೊಡಬೇಕು. ಅವಳ ಪಾಠ ಕೇಳಿದ ಕಾಲೇಜಿನವರು, ಪತ್ರ ಮೂರೂ ಬಂದುಬಿಟ್ಟರೆ ಆಯಿತು, ಶುಕ್ರವಾರ ಸಂಜೆ ಐದಕ್ಕೆ ಕಡೆ ಅಂದಿದ್ದರು. ಎರಡು ಬಂದಿದ್ದವು. ಆಡ್ಕಾಕ್‌ಗೆ ಐದು ಸಲ ಬರೆದಿದ್ದಳು. ಉತ್ತರ ಇರಲಿಲ್ಲ.

ಮಂಗಳವಾರ ಹೈಡಿ ಇಳಿದುಬಂದಳು. ಫೆಲೋಗಳ ಕಚೇರಿ ನೋಡಿಕೊಳ್ಳೋ ಹೆಂಗಸು. ತೊಳೆಯೋ ಕೋಣೆಯ ಬಾಗಿಲಲ್ಲಿ ನೆಲಕ್ಕೆ ಹಳದಿ ಗೆರೆ ಬಳಿದಿದೆ. ಅದರಾಚೆಗೇ ನಿಂತು ಕುತ್ತಿಗೆಯ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಳು.

"ವರ್ಲೀನ್, ಗುರುವಾರ ಮಧ್ಯಾಹ್ನ ಊಟಕ್ಕೆ ಮೇಲೆ ಬರ್ತೀರಾ? ವಾಷಿಂಗ್ಟನ್‌ನಿಂದ ಪರಿಶೀಲನೆಗೆ ಬರ್ತಿದಾರೆ. ಹಳೇ ಫೆಲೋಗಳು ನಾಲ್ಕು ಜನ ಮಾತಾಡ್ಬೇಕು. ನೀವು ಇಲ್ಲೇ ಇದೀರಲ್ಲ."

"ಏನ್ ಮಾತಾಡ್ಲಿ?"

"ನಿಮ್ಮ ವೃತ್ತಿ ಹೇಗೆ ಬೆಳೀತು ಅಂತ. ಐದು ನಿಮಿಷ ಅಷ್ಟೇ." ಒಂದು ಹಾಳೆ ಚಾಚಿದಳು.

ಐದು ವರ್ಷಕ್ಕೊಮ್ಮೆ ಸರ್ಕಾರದವರು ಫೆಲೋಗಳ ಹಣ ಮುಂದುವರಿಸಬೇಕೋ ಬೇಡವೋ ಅಂತ ನೋಡೋಕೆ ಬರುತ್ತಾರೆ. ಹಳಬರು ಈಗ ಎಲ್ಲಿದ್ದಾರೆ ಅನ್ನೋದೇ ಅವರ ಮೊದಲ ಪ್ರಶ್ನೆ. ಹಾಳೆಯಲ್ಲಿ ಮೂವತ್ತನಾಲ್ಕು ಹೆಸರಿತ್ತು. ಬಾಡಿಗೆ ಕಾರು ಓಡಿಸೋ ಟುಂಡೆ ಅಕಿನ್ಸೋಲ 'ಉದ್ಯಮ' ಆಗಿದ್ದ. ಮನೆಮನೆಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡೋ ಕಟಿಂಕಾ 'ಶಿಕ್ಷಣ ತಜ್ಞೆ' ಆಗಿದ್ದಳು. ಹಿಡಿ ಮಾತ್ರೆ ನುಂಗಿ ಆಸ್ಪತ್ರೆ ಸೇರಿದ್ದ ಒಬ್ಬ 'ಸಂಪರ್ಕಕ್ಕೆ ಸಿಕ್ಕಿಲ್ಲ' ಆಗಿದ್ದ. ವರ್ಲೀನ್ ಟಾಲಿವರ್ ಹೆಸರಿನ ಮುಂದೆ, 'ವಿಜ್ಞಾನಿ, ಪ್ರಾಣಿ ಸಂಶೋಧನಾ ವಿಭಾಗ.'

ಪಕ್ಕದಲ್ಲಿ ಪೆಟ್ಟಿಗೆ ಬಡಿಯುತ್ತಿದ್ದ ಎರ್ನಸ್ಟೀನ್ ಪ್ರೂಯಿಟ್ ಒದ್ದೆ ಕೈಗವಸಿನಲ್ಲೇ ಹಾಳೆ ಕಿತ್ತುಕೊಂಡಳು. ಅರವತ್ತು ದಾಟಿದ ಹೆಂಗಸು, ಆ ಕೋಣೆಯ ಯೂನಿಯನ್ ಮುಖಂಡಳು. ಬಾಯಿಗೆ ಬೀಗ ಇಲ್ಲ.

"ವಿಜ್ಞಾನಿ. ಪ್ರಾಣಿ ಸಂಸೋದ್ನಾ ವಿಭಾಗ. ನಂದೂ ಬರ್ಕೊಳವ್ವ ಹೈಡಿ. ಎರ್ನಸ್ಟೀನ್ ಪ್ರೂಯಿಟ್, ಮಹಾ ವಿಜ್ಞಾನಿ, ಇಲಿ ಹೇಲು ವಿಭಾಗ. ಇಪ್ಪತ್ತಾರು ವರ್ಸ ಸರ್ವೀಸು."

ಹೈಡಿಯ ಮುಖ ಕೆಂಪಾಯಿತು. "ನಾನೇನು ಬೇಕು ಅಂತ ಬರ್ದಿದ್ದಲ್ಲ. ನಮೂನೇಲಿ ನಾಲ್ಕೇ ಕಲಂ ಇರೋದು. ಸಂಶೋಧನೆ, ಬೋಧನೆ, ಉದ್ಯಮ, ಸಂಪರ್ಕಕ್ಕೆ ಸಿಕ್ಕಿಲ್ಲ. ಪೆಟ್ಟಿಗೆ ತೊಳೆಯೋದಕ್ಕೆ ಕಲಂ ಇಲ್ಲ. ಇವರ ಸಂಬಳ ಪ್ರಾಣಿ ವಿಭಾಗದಿಂದ ಬರುತ್ತೆ, ಅದಕ್ಕೇ ಹಾಗೆ ಹಾಕ್ದೆ."

"ಅಯ್ಯೋ, ಕಲಂ ಇಲ್ದೆ ಮನುಷ್ಯರೇ ಇಲ್ಲ ಅಂದಂಗಾಯ್ತು ಬುಡು," ಅಂದಳು ಎರ್ನಸ್ಟೀನ್.

ಹೈಡಿ ಹೋಗುವಾಗ ತಗ್ಗಿದ ದನಿಯಲ್ಲಿ ಸೇರಿಸಿದಳು. "ವಿನ್ ನಿಮ್ಮನ್ನ ನೋಡ್ಬೇಕಂತೆ. ಅದೇನೋ ಪತ್ರದ ವಿಷಯ ಅಂದ್ರು."

ಪಾಳಿ ಮುಗಿದ ಮೇಲೆ ಸ್ನಾನ ಮಾಡಿ, ತಲೆಗೂದಲು ಎರಡು ಸಲ ತೊಳೆದು, ಬಟ್ಟೆ ಬದಲಾಯಿಸಿ ವರ್ಲೀನ್ ನಾಲ್ಕನೇ ಮಹಡಿಗೆ ಹೋದಳು. ಆದರೂ ಆಡ್ಕಾಕ್ ಅವಳು ಕೂತ ಮೇಲೆ ಎದ್ದು ಕಿಟಕಿ ತೆಗೆದ.

"ಎಷ್ಟ್ ದಿನ ಆಯ್ತು ವರ್ಲೀನ್ ನಿನ್ನ ನೋಡಿ. ಆರೋಗ್ಯ ಹೇಗಿದೆ?"

"ದಮ್ಮಿದೆ."

"ಛೆ. ನೋಡ್ಕೋಬೇಕಮ್ಮ." ಅವನ ಮುಖದಲ್ಲಿ ನಿಜವಾಗಲೂ ಮರುಕ ಇತ್ತು. ಅದೇ ಅವನ ದೊಡ್ಡ ಗುಣ. "ಪತ್ರ ತಾನೆ? ಶುಕ್ರವಾರ ಹೋಗುತ್ತೆ, ಯೋಚನೆ ಮಾಡ್ಬೇಡ. ಗುರುವಾರ ನೀನು ಬಂದು ನಾಲ್ಕು ಒಳ್ಳೆ ಮಾತಾಡು. ಇಲ್ಲಿ ಕಲಿತದ್ದು, ಇಲ್ಲೇ ಪ್ರಾಣಿಗಳ ಜೊತೆ ಕೆಲಸ ಮುಂದುವರಿಸ್ತಿರೋದು. ನಿನ್ನಂಥೋಳು ಮಾತಾಡಿದ್ರೆ ಅದಕ್ಕೊಂದು ತೂಕ."

"ನನ್ನಂಥೋಳು ಅಂದ್ರೆ?"

"ಅಂದ್ರೆ, ನೀನು ಬಂದ ಕಡೆಯಿಂದ ಬಂದೋರು. ಅವ್ರು ಅದನ್ನೆಲ್ಲ ನೋಡ್ತಾರೆ."

ಕರಿಯ ಮುಖ ಒಂದು ಬೇಕಿತ್ತು. ಪತ್ರ ಕೇಳಿದಾಗ ಐದು ಸಲ ಕಾಣದ ಮುಖ ಈಗ ಕಂಡಿತು. ಶುಕ್ರವಾರ ಇನ್ನು ಮೂರು ದಿನ ಇತ್ತು.

"ಆ ಪತ್ರ..."

"ಒಂದ್ ಕೆಲಸ ಮಾಡು. ನೀನೇ ಬರ್ಕೊಂಡು ಬಾ, ಸೈನ್ ಹಾಕಿ ಕಳಿಸ್ತೀನಿ. ಈ ಪರಿಶೀಲನೆ ಗಲಾಟೇಲಿ ನನಗೆ ಪುರುಸೊತ್ತೇ ಇಲ್ಲ. ಹಳೇದೊಂದು ಇದೆ, ಮೇಲ್ ಮಾಡ್ತೀನಿ. ತಾರೀಕು ಬದಲಾಯಿಸಿ, ಕಾಲೇಜಿನ ಹೆಸರು ಹಾಕಿ, ಅಲ್ಲಿ ಇಲ್ಲಿ ತಿದ್ದು."

ಅವರಲ್ಲಿ ಇದು ಮಾಮೂಲು. ಅರ್ಧಕ್ಕರ್ಧ ಯಜಮಾನರು ಪತ್ರ ತಾವು ಬರೆಯಲ್ಲ, ಬೇಕಾದವರ ಕೈಲೇ ಬರೆಸಿ ಸೈನ್ ಹಾಕುತ್ತಾರೆ. ಎಷ್ಟೋ ಫೆಲೋಗಳ ಪತ್ರ ಹಾಗೇ ಹೋಗಿವೆ. ಯಾರ ಪತ್ರ ಅವರೇ ಬರೆದದ್ದು, ಯಾರದು ಗುಟ್ಟಾಗಿ ತಾನು ಬರೆದದ್ದು ಅನ್ನೋದೇ ಆಡ್ಕಾಕ್‌ಗೆ ಮರೆತುಹೋಗಿತ್ತು.

ಬುಧವಾರ ಬೆಳಿಗ್ಗೆ ಹತ್ತರ ವಿರಾಮ. ಬಟ್ಟೆ ಬದಲಾಯಿಸೋ ಕೋಣೆಯ ಬೆಂಚಿನ ಮೇಲೆ ಕೂತು ಅವಳು ಫೋನ್ ತೆಗೆದಳು. ಮೇಲ್ ಬಂದಿತ್ತು. 'ಇದನ್ನೇ ತಿದ್ದಿಕೋ. ವಿನ್.' ಕೆಳಗೆ ಪತ್ರ.

'ಡಾಕ್ಟರ್ ಟಾಲಿವರ್ ಸರಳ ಸ್ವಭಾವದವರು. ಸಮಯಕ್ಕೆ ಸರಿಯಾಗಿ ಬರುತ್ತಾರೆ. ಪ್ರಾಣಿಗಳನ್ನು ನೋಡಿಕೊಳ್ಳುವುದರಲ್ಲಿ ಅವರ ಕೈಗಳಷ್ಟು ಒಳ್ಳೆಯ ಕೈಗಳನ್ನು ನನ್ನ ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಕಂಡಿಲ್ಲ. ಸ್ಪಷ್ಟವಾದ ಸೂಚನೆ ಕೊಟ್ಟರೆ ಯಾವ ಕೆಲಸವನ್ನಾದರೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಅವರು ಬಂದ ಹಿನ್ನೆಲೆಯನ್ನು ಗಮನಿಸಿದರೆ ಇಷ್ಟು ದೂರ ಬಂದಿರುವುದೇ ಮೆಚ್ಚತಕ್ಕ ವಿಷಯ.'

ಅಷ್ಟೇ. ಕೆಳಗೆ ಸೈನು. ತಾರೀಕು ಅವಳು ಮೊದಲನೇ ಅರ್ಜಿ ಹಾಕಿದ ತಿಂಗಳಿನದು.

ಒಂದು ಬೈಗುಳ ಇಲ್ಲ. ಒಂದು ಸುಳ್ಳೂ ಇಲ್ಲ. ಇಲಿ ಇಲ್ಲ. ನಾಲ್ಕು ವರ್ಷ ಇಲ್ಲ. ತಲೆ ಅನ್ನೋದೊಂದು ಅವಳಿಗೆ ಇದೆ ಅಂತಲೇ ಇಲ್ಲ. ಅವರ ಲೋಕದಲ್ಲಿ ಕೈ ಒಳ್ಳೇದು ಅಂದರೆ ಆಳಿಗೆ ಆಡೋ ಮಾತು. ಪ್ರೊಫೆಸರ್ ಆಗೋಕೆ ಬಂದವಳ ಪತ್ರದಲ್ಲಿ ಕೈ ಹೊಗಳಿದರೆ ಓದಿದವರಿಗೆ ಅರ್ಥ ಆಗುತ್ತೆ, ಇವಳು ಬೇಡ ಅಂತ. ನಲವತ್ತೊಂದು ಕಡೆ ಅರ್ಥ ಆಗಿತ್ತು. ಮೂರು ವರ್ಷ ಅವಳು ತನ್ನ ಪಾಠ ಸರಿ ಇಲ್ಲವೇನೋ, ತನ್ನ ಮಾತಿನ ಧಾಟಿ ಸರಿ ಇಲ್ಲವೇನೋ, ಹಾಕಿದ ಬಟ್ಟೆ ಸರಿ ಇಲ್ಲವೇನೋ ಅಂತ ತನ್ನನ್ನೇ ಕೆರೆದುಕೊಂಡು ಕೂತಿದ್ದಳು. ಎದೆಯಲ್ಲಿ ಸಿಳ್ಳೆ ಶುರುವಾಯಿತು. ಔಷಧಿಯ ಡಬ್ಬಿ ಬಾಯಿಗಿಟ್ಟು ಎರಡು ಸಲ ಎಳೆದುಕೊಂಡಳು.

ಎರ್ನಸ್ಟೀನ್ ಕಾಫಿ ಹಿಡಿದು ಬಂದು ಅವಳ ಮುಖ ನೋಡಿದಳು. "ಏನವ್ವ ಡಾಕ್ಟ್ರಮ್ಮ? ಯಾರು ಸತ್ರು?"

ವರ್ಲೀನ್ ಫೋನ್ ಕೊಟ್ಟಳು. ಎರ್ನಸ್ಟೀನ್ ಕನ್ನಡಕ ಏರಿಸಿ ತುಟಿ ಆಡಿಸುತ್ತಾ ಓದಿದಳು.

"ಚೆನ್ನಾಗೇ ಬರ್ದವ್ನಲ್ಲ?"

"ಇನ್ನೊಂದ್ ಸಲ ಓದು."

ಓದಿದಳು. ಈ ಸಲ ನಿಧಾನಕ್ಕೆ. ಫೋನನ್ನು ಬೆಂಚಿನ ಮೇಲೆ ಇಟ್ಟಳು. "ಇದು ಮನೆಕೆಲ್ಸದೋಳಿಗೆ ಬರ್ಕೊಡೋ ಕಾಗ್ದ ಕಣೆ. ನಮ್ಮಜ್ಜಿಗೆ ಕೊಟ್ಟಿದ್ರು ಇಂಥದ್ದೇ. ಕೈ ಶುದ್ದ, ಹೊತ್ತಿಗೆ ಸರಿಯಾಗಿ ಬತ್ತಾಳೆ, ಎದುರು ಮಾತಾಡಲ್ಲ ಅಂತ. ಅವ್ನ ಮನೆ ಹಾಳಾಗ."

"ನಲವತ್ತೊಂದು ಕಡೆಗೆ ಕಳಿಸಿದಾನೆ."

"ಈಗೇನ್ ಮಾಡ್ತೀಯ?"

"ನಾನೇ ಬರೀತೀನಿ. ಏನೇನು ಮಾಡಿದೀನೋ ಅದನ್ನೇ. ಅವನು ಓದೋದೂ ಇಲ್ಲ, ಸೈನ್ ಹಾಕ್ತಾನೆ."

"ಹಂಗಾದ್ರೆ ಗಾಳಿ ಬಂದಾಗ ತೂರ್ಕೋ. ನಾಳೆ ಹೋಗಿ ವಿಜ್ಞಾನಿ ಅಂತ ನಾಕು ಮಾತಾಡು, ಸೈನ್ ಹಾಕುಸ್ಕೋ, ಇಲ್ಲಿಂದ ಆಚೆ ಬೀಳು. ನಾನೇನೂ ಅನ್ಕೊಳಲ್ಲ. ನಿನ್ ಎದೆ ಸಿಳ್ಳೆ ಹಾಕ್ತೈತೆ, ಇನ್ನೆರಡ್ ವರ್ಸ ಇಲ್ಲಿದ್ರೆ ಸಾಯ್ತೀಯ."

ವರ್ಲೀನ್ ಮಧ್ಯಾಹ್ನ ಊಟ ಬಿಟ್ಟು ಯೂನಿಯನ್ ಕೋಣೆಯಲ್ಲಿ ಕೂತು ಬರೆದಳು. ಒಂದೇ ಪುಟ. ತನ್ನನ್ನು ತಾನೇ ಹೊಗಳಿಕೊಳ್ಳೋದು ಅವಳಿಗೆ ಬರುತ್ತಿರಲಿಲ್ಲ, ಹಾಗಾಗಿ ಬರೀ ಆದದ್ದನ್ನು ಬರೆದಳು. ಅದನ್ನೂ, ಎದುರಿಗಿಟ್ಟುಕೊಂಡಿದ್ದ ಆಡ್ಕಾಕ್ ಪತ್ರವನ್ನೂ ಪ್ರಿಂಟ್ ತೆಗೆದು ಮಡಚಿಟ್ಟುಕೊಂಡಳು. ಎರ್ನಸ್ಟೀನ್ ಹೇಳಿದ್ದು ಸುಳ್ಳಲ್ಲ. ನಾಳೆ ಐದು ನಿಮಿಷ ಹಲ್ಲು ಕಿರಿದರೆ ಪಾಠ ಹೇಳೋ ಕೆಲಸ. ಕಿರಿಯದಿದ್ದರೆ ಇದೇ ಹೇಲು. ಮನೆಗೆ ಹೋಗೋ ಬಸ್ಸಿನಲ್ಲೂ ಅವಳು ಕಿರಿಯೋದು ಅಂತಲೇ ತೀರ್ಮಾನ ಮಾಡಿದ್ದಳು.

ಗುರುವಾರ ಮೇಲ್ವಿಚಾರಕ ಕೊಟ್ಟದ್ದು ಅರ್ಧ ಗಂಟೆ. ಸ್ನಾನ ಮಾಡಿ ಬಟ್ಟೆ ಬದಲಾಯಿಸೋಕೆ ಹೊತ್ತಿಲ್ಲ. ಏಪ್ರನ್ನು, ಗಂಬೂಟು ಕಳಚಿಟ್ಟು, ಬೆವರು ಹತ್ತಿದ ನೀಲಿ ಅಂಗಿಯಲ್ಲೇ ಐದನೇ ಮಹಡಿಗೆ ಹೋದಳು. ಉದ್ದನೆ ಮೇಜು. ಪರಿಶೀಲನೆಯವರು ನಾಲ್ಕು ಜನ. ಗೋಡೆಯ ಪರದೆಯ ಮೇಲೆ ಕೋಲ್ಬಿಯ ನಗುಮುಖ, ಅವನು ತನ್ನ ಊರಿನಿಂದಲೇ ಮಾತಾಡುತ್ತಿದ್ದ. ಹಿಂದಿನ ಸಾಲಿನಲ್ಲಿ ಈಗಿನ ಫೆಲೋಗಳು ಆರೇಳು ಮಂದಿ. ವರ್ಲೀನ್ ಕೂತ ಕೂಡಲೇ ಪಕ್ಕದವನೊಬ್ಬ ತನ್ನ ಸ್ಯಾಂಡ್‌ವಿಚ್ ಡಬ್ಬಿ ತೆಗೆದುಕೊಂಡು ಒಂದು ಕುರ್ಚಿ ಆಚೆ ಸರಿದ. ಹೈಡಿ ಅವಳ ಅಂಗಿ ನೋಡಿ ಕಣ್ಣು ಮುಚ್ಚಿಕೊಂಡಳು.

ಕೋಲ್ಬಿ ಮಾತಾಡಿದ. ವಿನ್ ತನಗೆ ತಂದೆಯ ಹಾಗೆ ಅಂದ. ಔಷಧಿ ಕಂಪನಿಗೆ ಹೋದವಳೊಬ್ಬಳು ಮಾತಾಡಿದಳು. ವಕೀಲ ಆದವನೊಬ್ಬ ಮಾತಾಡಿದ. ಆಡ್ಕಾಕ್ ಎದ್ದು, "ಇವಳು ವರ್ಲೀನ್. ನಮ್ಮ ಹೆಮ್ಮೆ. ನಮ್ಮನ್ನ ಬಿಟ್ಟು ಹೋಗೋಕೇ ಮನಸ್ಸಾಗದೆ ಇಲ್ಲೇ ಪ್ರಾಣಿಗಳ ಸಂಶೋಧನೇಲಿ ಉಳಿದ್ಲು," ಅಂದ. ಎಲ್ಲರೂ ನಕ್ಕರು. ಒಳ್ಳೆ ಮನಸ್ಸಿನ ನಗುವೇ.

ಬಿಟ್ಟು ಹೋಗೋಕೆ ಮನಸ್ಸಾಗದೆ. ಅವಳ ಕಿವಿ ಬಿಸಿಯಾಯಿತು. ಕಿರಿಯೋಕೆ ಅಂತ ಇಟ್ಟುಕೊಂಡಿದ್ದ ಹಲ್ಲು ಕಚ್ಚಿಕೊಂಡಿತು.

ಪರಿಶೀಲನೆಯ ಮುಖ್ಯಸ್ಥೆ ಮಿರಿಯಮ್ ಆಪ್ಟೆಕರ್, ನೆರೆತ ತಲೆಯ ಹೆಂಗಸು, ಪೆನ್ನು ಕೆಳಗಿಟ್ಟು ಇವಳ ಕಡೆ ತಿರುಗಿದಳು. "ಹೇಳಿ ಡಾಕ್ಟರ್ ಟಾಲಿವರ್. ನಿಮ್ಮ ಈಗಿನ ಕೆಲಸ ಏನು?"

"ಇಲಿ ಪೆಟ್ಟಿಗೆ ತೊಳೀತೀನಿ," ಅಂದಳು ವರ್ಲೀನ್. "ಕೆಳಗೆ, ನೆಲಮಾಳಿಗೇಲಿ. ಪಾಳಿಗೆ ಒಂಬೈನೂರು. ಇನ್ನು ಹದಿನಾರು ನಿಮಿಷಕ್ಕೆ ವಾಪಸ್ ಹೋಗ್ಬೇಕು, ಅದಕ್ಕೆ ಬೇಗ ಹೇಳ್ತೀನಿ. ಆ ಹಾಳೇಲಿ ವಿಜ್ಞಾನಿ ಅಂತ ಇರೋದು ಸುಳ್ಳು. ಹೊಡೆದು ಹಾಕಿ."

ಯಾರೂ ಅಗಿಯುತ್ತಿರಲಿಲ್ಲ. ಆಡ್ಕಾಕ್ ನಗುತ್ತಲೇ ಇದ್ದ. "ವರ್ಲೀನ್ ಸ್ವಲ್ಪ ತಮಾಷೆ..."

"ಹೇಗೆ ಅಲ್ಲಿಗೆ ಹೋದೆ ಅಂತ ಕೇಳ್ತೀರಲ್ಲ, ಅದಕ್ಕೊಂದು ಕಾಗದ ಇದೆ. ಓದ್ತೀನಿ." ಜೇಬಿನಿಂದ ಹಾಳೆ ತೆಗೆದು ಓದಿದಳು. ಸರಳ ಸ್ವಭಾವ. ಸಮಯಕ್ಕೆ ಸರಿಯಾಗಿ. ಕೈಗಳು. ಸೂಚನೆ. ಹಿನ್ನೆಲೆ. ಒಂದಕ್ಷರ ಬಿಡಲಿಲ್ಲ. "ಇದು ವಿನ್ ನನಗೆ ಕೊಟ್ಟ ಶಿಫಾರಸು. ನಲವತ್ತೊಂದು ಕಡೆ ಹೋಗಿದೆ. ನೀವು ನಾಲ್ಕು ಜನಾನೂ ಇಂಥವನ್ನ ಓದಿದೀರಿ. ಇದನ್ನ ಓದಿ ನೀವಾದ್ರೆ ಕೆಲಸ ಕೊಡ್ತಿದ್ರಾ?"

ಮಿರಿಯಮ್ ಆಪ್ಟೆಕರ್ ಪೆನ್ನೆತ್ತಿ ಹಾಳೆಯ ಮೇಲಿನ 'ವಿಜ್ಞಾನಿ' ಹೊಡೆದು ಹಾಕಿದಳು.

"ಅದು ಗುಟ್ಟಿನ ಪತ್ರ," ಅಂದ ಆಡ್ಕಾಕ್. ಮೊದಲ ಸಲ ಅವನ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ನಿನ್ನ ಕೈಗೆ ಹೇಗೆ ಬಂತು?"

"ನೀವೇ ಕಳಿಸಿದ್ರಿ. ತಿದ್ದಿಕೋ ಅಂತ." ಇನ್ನೊಂದು ಹಾಳೆ ತೆಗೆದಳು. "ತಿದ್ದಿದೀನಿ. ಅದನ್ನೂ ಓದ್ತೀನಿ. 'ಈ ಲ್ಯಾಬಿನ ದಮ್ಮಿನ ಇಲಿಯನ್ನು ಯೋಚಿಸಿದವರು, ಮಾಡಿದವರು, ಹದಿನೇಳು ತಲೆಮಾರು ಸಾಕಿದವರು ವರ್ಲೀನ್ ಟಾಲಿವರ್. ಆರು ಸಲ ಏಕೆ ಕೆಟ್ಟಿತು ಎಂದು ಕಂಡುಹಿಡಿದವರೂ ಅವರೇ. ಪ್ರಬಂಧದ ಮೊದಲ ಐದು ಚಿತ್ರ ಅವರದು. ಅವರ ಹೆಸರನ್ನು ಎರಡನೆಯದಾಗಿ ಹಾಕಿದ್ದು ನನ್ನ ತೀರ್ಮಾನ. ಅವರು ಯಾರ ಸೂಚನೆಯೂ ಇಲ್ಲದೆ ಕೆಲಸ ಮಾಡಬಲ್ಲರು.' ಇಷ್ಟೇ."

ಗೋಡೆಯ ಪರದೆಯ ಮೇಲೆ ಕೋಲ್ಬಿಯ ಮುಖ ಮಾಯವಾಯಿತು. ಹೆಸರು ಮಾತ್ರ ಉಳಿಯಿತು. ಕ್ಯಾಮೆರಾ ಆರಿಸಿದ್ದ.

ವರ್ಲೀನ್ ಎದ್ದು ಹೋಗಿ ಹಾಳೆಯನ್ನು ಆಡ್ಕಾಕ್ ಮುಂದೆ ಇಟ್ಟಳು. ಪಕ್ಕದಲ್ಲಿದ್ದ ಪೆನ್ನು ಅದರ ಮೇಲೆ ಇಟ್ಟಳು.

"ಸೈನ್ ಹಾಕು ವಿನ್."

"ವರ್ಲೀನ್, ಇದು ಅದಕ್ಕೆ ಜಾಗ ಅಲ್ಲ."

"ಜಾಗ ಯಾವುದು ಹೇಳು, ಅಲ್ಲಿಗೇ ಬರ್ತೀನಿ. ನೆಲಮಾಳಿಗೆ ಆಗುತ್ತಾ? ಒಂದು ಸಾಲು ಸುಳ್ಳಿದ್ರೆ ತೋರ್ಸು, ನಾನೇ ಹೊಡೆದು ಹಾಕ್ತೀನಿ. ಇಲ್ಲ ಅಂದ್ರೆ ಸೈನ್ ಹಾಕು. ನೀನೇ ಅಂದಿದ್ದೆ, ಬರ್ಕೊಂಡು ಬಾ ಹಾಕ್ತೀನಿ ಅಂತ."

ಅವನು ಪೆನ್ನು ಮುಟ್ಟಲಿಲ್ಲ. ಹಾಕಿದರೆ ಇಲಿ ಹೋಗುತ್ತೆ. ಹಾಕದಿದ್ದರೆ ಮಾನ ಹೋಗುತ್ತೆ. ಬ್ರೆಡ್ಡು ಕೊಯ್ಯೋ ಕೈ ಮೇಜಿನ ಅಂಚು ಹಿಡಿದುಕೊಂಡಿತ್ತು.

"ವಿನ್ಸ್ಲೋ," ಅಂದಳು ಮಿರಿಯಮ್ ಆಪ್ಟೆಕರ್, "ಇಲಿ ಮಾಡಿದ್ದು ಇವರಾ?"

"ವಿಜ್ಞಾನ ಅನ್ನೋದು ಹತ್ತು ಜನ ಸೇರಿ ಮಾಡೋ ಕೆಲಸ ಮಿರಿಯಮ್, ಒಬ್ಬರದು ಅಂತ..."

"ನಾನು ಕೇಳಿದ್ದು ಹೌದೋ ಅಲ್ಲವೋ ಅಂತ."

ಅವನು ಗಂಟಲು ಸರಿಮಾಡಿಕೊಂಡ. ಹಿಂದಿನ ಸಾಲಿನಿಂದ ಫೆಲೋ ಒಬ್ಬಳು, ಇನ್ನೂ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಇರಬೇಕು, ಕೂತಲ್ಲಿಂದಲೇ ಕೇಳಿದಳು. "ವಿನ್, ನನ್ನ ಬಗ್ಗೆ ಏನಂತ ಬರ್ದಿದೀರಿ?"

ಆ ಸಾಲಿನವರೆಲ್ಲ ಅವನನ್ನೇ ನೋಡುತ್ತಿದ್ದರು. ವರ್ಲೀನ್ ಗಡಿಯಾರ ನೋಡಿದಳು. ನಾಲ್ಕು ನಿಮಿಷ ಉಳಿದಿತ್ತು, ಇಳಿಯೋಕೆ ಮೂರು ಬೇಕು.

"ಹಾಕಲ್ಲ ಅಂತಾಯ್ತು. ಇಷ್ಟು ಜನ ನೋಡಿದೀರಿ, ನೆನಪಿಟ್ಕೊಳ್ಳಿ," ಅಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟಳು. ತನ್ನ ಮುಂದೆ ಇಟ್ಟಿದ್ದ ಸ್ಯಾಂಡ್‌ವಿಚ್ ಡಬ್ಬಿಯನ್ನು ಅವಳು ಮುಟ್ಟಿರಲಿಲ್ಲ. ಹೈಡಿ ಬಾಗಿಲವರೆಗೆ ಓಡಿಬಂದು ಅದನ್ನು ಅವಳ ಕೈಗಿಟ್ಟಳು.

ಕೆಳಗೆ ಎರ್ನಸ್ಟೀನ್ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. "ಹಾಕುದ್ನಾ?"

"ಇಲ್ಲ."

"ಎಲ್ಲಾ ಅಂದ್ಬುಟ್ಟಾ?"

"ಎಲ್ಲಾ."

ಎರ್ನಸ್ಟೀನ್ ಒದ್ದೆ ಕೈಗವಸು ಕಳಚಿದಳು. "ಕೈಗೆ ಬಂದಿದ್ದ ತುತ್ತು ಕಣೆ," ಅಂದಳು. ಆಮೇಲೆ ಸ್ಯಾಂಡ್‌ವಿಚ್ಚನ್ನು ಎರಡು ಮಾಡಿ ದೊಡ್ಡ ತುಂಡನ್ನು ವರ್ಲೀನ್‌ಗೆ ಕೊಟ್ಟಳು.

ಶುಕ್ರವಾರ ಆಡ್ಕಾಕ್ ಪತ್ರ ಕಳಿಸಲಿಲ್ಲ. ಅದರ ಬದಲು ವಿಶ್ವವಿದ್ಯಾಲಯದ ಸಿಬ್ಬಂದಿ ಕಚೇರಿಯಿಂದ ಒಂದು ಮೇಲ್ ಬಂತು. ಗುಟ್ಟಿನ ದಾಖಲೆಯನ್ನು ಸಭೆಯಲ್ಲಿ ಓದಿದ ಬಗ್ಗೆ ಸೋಮವಾರ ಬಂದು ವಿವರಣೆ ಕೊಡಬೇಕಂತೆ. "ಬತ್ತೀನಿ ನಾನೂ ಜೊತೇಗೆ," ಅಂದಳು ಎರ್ನಸ್ಟೀನ್. "ಯೂನಿಯನ್ ಇಲ್ದೆ ಒಂದ್ ಮಾತೂ ಆಡ್ಬೇಡ. ವಿವರಣೆ ಕೇಳ್ತಾರಂತೆ ನನ್ಮಕ್ಕಳು."

ಪಾಳಿ ಮುಗಿದಾಗ ನಾಲ್ಕೂವರೆ. ವರ್ಲೀನ್ ಕಾಲೇಜಿಗೆ ಫೋನ್ ಮಾಡಿದಳು. ಕಚೇರಿಯವಳು, ಮೂರನೇ ಪತ್ರದ ಜಾಗ ಖಾಲಿ ಇದ್ದರೆ ಅರ್ಜಿ ಮುಂದಕ್ಕೇ ಹೋಗಲ್ಲಮ್ಮ, ಪತ್ರ ಬರದಿದ್ದರೆ ಯಾಕೆ ಬರಲಿಲ್ಲ ಅಂತ ನೀವೇ ಅಲ್ಲಿ ಹಾಕಬಹುದು, ಉಳಿದದ್ದು ಅವರ ಇಷ್ಟ ಅಂದಳು.

ಯೂನಿಯನ್ ಕೋಣೆಯ ಕಂಪ್ಯೂಟರಿನಲ್ಲಿ ಕೂತು ಅವಳು ಎರಡು ಹಾಳೆಯನ್ನೂ ಅರ್ಜಿಯ ಮೂರನೇ ಪತ್ರದ ಜಾಗಕ್ಕೆ ಸೇರಿಸಿದಳು. ಆಡ್ಕಾಕ್ ಸೈನ್ ಹಾಕಿದ್ದು ಒಂದು. ಹಾಕದ್ದು ಒಂದು. ಎರಡನೆಯದರ ಕೆಳಗೆ, ಸೈನ್ ಇರಬೇಕಾದ ಕಡೆ, 'ಹದಿನಾರು ಜನರ ಮುಂದೆ ಕೇಳಿದೆ, ಹಾಕಲಿಲ್ಲ' ಅಂತ ಬರೆದಳು. ಕಳಿಸು ಅಂತ ಒತ್ತಿದರೆ ಹೋಗಲಿಲ್ಲ. ಒಂದು ಕಲಂ ಖಾಲಿ ಉಳಿದಿತ್ತು, ಕೆಂಪಗೆ ಮಿನುಗುತ್ತಿತ್ತು. ಶಿಫಾರಸು ಮಾಡುವವರಿಗೂ ಅರ್ಜಿದಾರರಿಗೂ ಇರುವ ಸಂಬಂಧವೇನು?

ಹಿಂದೆ ನಲವತ್ತೊಂದು ಸಲ ಅಲ್ಲಿ ಅವಳು 'ನನ್ನ ಗುರುಗಳು' ಅಂತ ಹಾಕಿದ್ದಳು. ಈ ಸಲ ಮಡಚದ ಹೆಬ್ಬೆರಳು ಬಿಟ್ಟು ಒಂಬತ್ತು ಬೆರಳಲ್ಲಿ ಒತ್ತಿದಳು.

'ಅವರ ಇಲಿಗಳ ಹೇಲು ಬಾಚುತ್ತೇನೆ. ಇಲಿಗಳು ನನ್ನವು.'